ಮನೆ ಬದಲಿಸುವ ಮುನ್ನ ಬೆಕ್ಕಿಗೊಂದು ಕೋಣೆ: ಮರಗೆಲಸ, ದುರಸ್ತಿ ಮತ್ತು ಜೋಡಣೆಯ ದಾಖಲೆ

ಮನೆ ಬದಲಿಸುವುದು ಖಚಿತವಾದ ಮೇಲೆ ನಮ್ಮ ಬೆಕ್ಕು ಮತ್ತು ವಯಸ್ಸಾದ ನಾಯಿಗಾಗಿ ಮಾಡಿಕೊಂಡ ಕೆಲಸದ ವಿವರಗಳನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಇಡೀ ಕೆಲಸ ಒಂದೇ ನಿರ್ಧಾರವನ್ನು ನೆಚ್ಚಿಕೊಂಡಿದೆ: ಹೊಸ ಮನೆಯಲ್ಲಿ ಪ್ರಾಣಿಗಳಿಗೆ ಬೇಕಾಗುವ ಸಾಮಾನನ್ನು ಅಲ್ಲಿಗೆ ಹೋದ ಮೇಲೆ ತಯಾರಿಸಬಾರದು, ಹಳೆಯ ಮನೆಯಲ್ಲಿಯೇ ತಯಾರಿಸಿ, ಅಲ್ಲಿಯೇ ಬಳಕೆಗೆ ಬಿಟ್ಟು, ಅದಕ್ಕೆ ಅವುಗಳ ಮೈವಾಸನೆ ಹತ್ತಿದ ಮೇಲೆ ಸಾಗಿಸಬೇಕು. ಸಾಮಾನ್ಯವಾಗಿ ನಾವು ಇದಕ್ಕೆ ತದ್ವಿರುದ್ಧವಾಗಿ ನಡೆದುಕೊಳ್ಳುತ್ತೇವೆ. ಹೊಸ ಮನೆಯೆಂಬ ಸಂಭ್ರಮದಲ್ಲಿ ಹಳೆಯ ಹಾಸಿಗೆಯನ್ನು ಎಸೆದು, ತಟ್ಟೆಗಳನ್ನು ಉಜ್ಜಿ ತೊಳೆದು, ಎಲ್ಲವನ್ನೂ ಹೊಸದಾಗಿ ತಂದಿಡುತ್ತೇವೆ. ಬೆಕ್ಕಿನ ಮಟ್ಟಿಗೆ ಅದು ಗುರುತಿನ ಕೊನೆಯ ಎಳೆಯನ್ನೂ ಕತ್ತರಿಸಿದಂತೆ.

ಬೆಕ್ಕಿನ ಕೆನ್ನೆ, ಗಲ್ಲ, ಹಣೆ, ಬಾಲದ ಬುಡ ಮತ್ತು ಪಾದಗಳಲ್ಲಿ ವಾಸನೆ ಸ್ರವಿಸುವ ಗ್ರಂಥಿಗಳಿವೆ. ಅದು ಬಾಗಿಲ ಅಂಚಿಗೆ ಕೆನ್ನೆಯುಜ್ಜುವುದು, ಕಂಬವನ್ನು ಪರಚುವುದು, ಒಂದೇ ಬಟ್ಟೆಯ ಮೇಲೆ ಮತ್ತೆ ಮತ್ತೆ ಮಲಗುವುದು ಎಲ್ಲವೂ ತನ್ನ ನೆಲೆಯನ್ನು ಗುರುತು ಹಾಕಿಕೊಳ್ಳುವ ಕ್ರಮಗಳೇ. ಹೊಸ ಮನೆಯ ಗೋಡೆಗಳಲ್ಲಿ ಈ ಗುರುತು ಒಂದೂ ಇರುವುದಿಲ್ಲ. ಇದ್ದರೆ ಹಿಂದೆ ವಾಸಿಸಿದ ಬೇರೊಂದು ಪ್ರಾಣಿಯದ್ದು ಇರಬಹುದು. ನಾಯಿಯ ಪರಿಸ್ಥಿತಿ ಸ್ವಲ್ಪ ಬೇರೆ. ಮನೆಯವರು ಜೊತೆಗಿದ್ದು, ಊಟ ಮತ್ತು ತಿರುಗಾಟದ ಹೊತ್ತು ಬದಲಾಗದಿದ್ದರೆ ಅದು ಸ್ಥಳದ ಬದಲಾವಣೆಯನ್ನು ಬೇಗ ನುಂಗಿಕೊಳ್ಳುತ್ತದೆ. ಆದ್ದರಿಂದ ಈ ದಾಖಲೆಯಲ್ಲಿ ಬೆಕ್ಕಿನ ಪಾಲು ದೊಡ್ಡದು, ನಾಯಿಯ ಪಾಲು ಚಿಕ್ಕದು.

ಅಡಗುಪೆಟ್ಟಿಗೆ

ಮೊದಲು ಕೈಗೆತ್ತಿಕೊಂಡದ್ದು ಬೆಕ್ಕು ಅಡಗಿ ಕೂರುವ ಪೆಟ್ಟಿಗೆಯನ್ನು. ಅಡಗಲು ಜಾಗ ಕೊಟ್ಟರೆ ಬೆಕ್ಕು ಇನ್ನಷ್ಟು ಹೆದರುಪುಕ್ಕಲಾಗುತ್ತದೆ ಎಂಬ ಮಾತು ಬಹಳ ಕಡೆ ಕೇಳಿಬರುತ್ತದೆ, ವಾಸ್ತವ ಹಾಗಿಲ್ಲ. ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದ ಸಂಶೋಧಕರು ಆಶ್ರಯಧಾಮಕ್ಕೆ ಹೊಸದಾಗಿ ಬಂದ ಬೆಕ್ಕುಗಳಲ್ಲಿ ಕೆಲವಕ್ಕೆ ಅಡಗುಪೆಟ್ಟಿಗೆ ಕೊಟ್ಟು, ಉಳಿದವಕ್ಕೆ ಕೊಡದೆ ಹೋಲಿಸಿ ನೋಡಿದರು. 2014ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಪೆಟ್ಟಿಗೆಯಿದ್ದ ಬೆಕ್ಕುಗಳ ಒತ್ತಡ ಬೇಗ ಇಳಿದದ್ದು ಕಂಡುಬಂತು. ಬೇಕೆಂದಾಗ ಮರೆಯಾಗಬಲ್ಲೆ ಎಂಬ ಭರವಸೆಯಿದ್ದರೆ ಬೆಕ್ಕು ಹೊರಗೆ ಬರುವ ಧೈರ್ಯವನ್ನೂ ಮಾಡುತ್ತದೆ ಎಂಬುದು ನನ್ನ ತಿಳಿವಳಿಕೆ. ರಟ್ಟಿನ ಪೆಟ್ಟಿಗೆಯೂ ಈ ಕೆಲಸಕ್ಕೆ ಸಾಕು. ಆದರೆ ಸಾಮಾನು ಸಾಗಣೆಯ ಗಡಿಬಿಡಿಯಲ್ಲಿ ಎಲ್ಲೆಡೆ ರಟ್ಟಿನ ಪೆಟ್ಟಿಗೆಗಳೇ ತುಂಬಿರುವಾಗ, ಬೆಕ್ಕಿನದ್ದನ್ನು ಯಾರೋ ಮಡಿಸಿ ಇಡುವ ಸಂಭವವೇ ಹೆಚ್ಚು. ಆದ್ದರಿಂದ ಪ್ಲೈವುಡ್ ಆರಿಸಿಕೊಂಡೆ.

ಹೊರ ಅಳತೆ 45 ಸೆಂ.ಮೀ. ಉದ್ದ, 35 ಸೆಂ.ಮೀ. ಅಗಲ, 35 ಸೆಂ.ಮೀ. ಎತ್ತರ, ಹಲಗೆಯ ದಪ್ಪ 12 ಮಿ.ಮೀ. ಅಡಿ ಮತ್ತು ಮುಚ್ಚಳಕ್ಕೆ 45×35ರ ಎರಡು ತುಂಡುಗಳು, ಉದ್ದದ ಬದಿಗಳಿಗೆ 45×32.6ರ ಎರಡು ತುಂಡುಗಳು ಬೇಕು. ಹಲಗೆಯ ದಪ್ಪವನ್ನು ಎರಡೂ ಕಡೆ ಕಳೆದರೆ ಅಡ್ಡ ಬದಿಗಳು 32.6 ಸೆಂ.ಮೀ.ಯ ಸರಿಯಾದ ಚೌಕಗಳಾಗುತ್ತವೆ, ಜೋಡಿಸುವಾಗ ಯಾವ ಅಂಚು ಯಾವ ಕಡೆಗೆ ಎಂಬ ಗೊಂದಲವೇ ಇರುವುದಿಲ್ಲ. ಒಳಗೆ ಜಾಗ ಇದಕ್ಕಿಂತ ದೊಡ್ಡದಾಗಿರಬೇಕೆಂದು ತೋರಬಹುದು. ಆದರೆ ಹೆದರಿದ ಬೆಕ್ಕಿಗೆ ಬೆನ್ನೂ ಪಕ್ಕೆಯೂ ಗೋಡೆಗೆ ತಗುಲುವಷ್ಟು ಇಕ್ಕಟ್ಟೇ ಹಿತ. ನಮ್ಮದು ಸಾಧಾರಣ ಗಾತ್ರದ ಬೆಕ್ಕು. ದೊಡ್ಡ ತಳಿಯದ್ದಾದರೆ ಅಳತೆಯನ್ನು ಅದಕ್ಕೆ ತಕ್ಕಂತೆ ಹೆಚ್ಚಿಸಬೇಕು.

ಜಿಗ್‌ಸಾದಿಂದ 18 ಸೆಂ.ಮೀ. ವ್ಯಾಸದ ಎರಡು ಕಿಂಡಿಗಳನ್ನು ಕೊಯ್ದೆ: ಒಂದು ಉದ್ದದ ಬದಿಯಲ್ಲಿ, ಇನ್ನೊಂದು ಅಡ್ಡ ಬದಿಯಲ್ಲಿ. ಒಂದೇ ಬಾಗಿಲಿದ್ದರೆ ಅದು ಅಡಗುತಾಣವಾಗದೆ ಬೋನಾಗುತ್ತದೆ, ಅದರಲ್ಲೂ ಮನೆಯಲ್ಲಿ ನಾಯಿಯಿದ್ದಾಗ. ಕಿಂಡಿಯ ಕೆಳ ಅಂಚು ನೆಲದಿಂದ 6 ಸೆಂ.ಮೀ. ಮೇಲಿದ್ದರೆ ಒಳಗೆ ಹಾಸಿದ ಬಟ್ಟೆ ಹೊರಗೆ ಜಾರುವುದಿಲ್ಲ. ಕಿಂಡಿಯ ಅಂಚಿಗೆ ಹೆಚ್ಚು ಹೊತ್ತು ಕೊಟ್ಟೆ. ಮೊದಲು 80ರ, ಬಳಿಕ 180ರ ಮರಳು ಕಾಗದದಿಂದ ಮೂಲೆ ಇಲ್ಲದಂತೆ ಗುಂಡಗೆ ಉಜ್ಜಿ, ಕಣ್ಣು ಮುಚ್ಚಿ ಬೆರಳಾಡಿಸಿ ಎಲ್ಲಿಯೂ ಸಿಬಿರು ಚುಚ್ಚುವುದಿಲ್ಲವೆಂದು ಖಾತ್ರಿಪಡಿಸಿಕೊಂಡೆ. ಬೆಕ್ಕು ಪ್ರತಿ ಸಲ ಒಳಹೊಕ್ಕು ಹೊರಬರುವಾಗಲೂ ಕೆನ್ನೆ ತಾಗಿಸುವುದು ಈ ಅಂಚಿಗೇ. ಕೆಲವು ವಾರಗಳಲ್ಲಿ ಅಲ್ಲಿ ತುಸು ಕಂದು ಬಣ್ಣದ, ಎಣ್ಣೆ ಹಚ್ಚಿದಂಥ ಪಟ್ಟಿಯೊಂದು ಮೂಡಿತು. ಒರೆಸಿ ತೆಗೆಯಬೇಕೆನ್ನಿಸುವ ಆ ಕಲೆಯನ್ನು ಹಾಗೆಯೇ ಬಿಡಬೇಕು. ಪೆಟ್ಟಿಗೆ ಮಾಡಿದ್ದೇ ಆ ಕಲೆಗಾಗಿ.

12 ಮಿ.ಮೀ. ಹಲಗೆಯ ಅಂಚಿಗೆ ನೇರವಾಗಿ ಸ್ಕ್ರೂ ತಿರುಗಿಸಿದರೆ ಪದರ ಬಿರಿಯುತ್ತದೆ. ಮೊದಲು 2.5 ಮಿ.ಮೀ. ಬಿಟ್‌ನಿಂದ ತೂತು ಕೊರೆದು, ಮರದ ಅಂಟು ಹಚ್ಚಿ, 30 ಮಿ.ಮೀ. ಸ್ಕ್ರೂಗಳಿಂದ ಬಿಗಿದೆ. ಮುಚ್ಚಳಕ್ಕೆ ಮಾತ್ರ ಸ್ಕ್ರೂ ಹಾಕಲಿಲ್ಲ. ಒಳಬದಿಗೆ ಎರಡು ಮರದ ಪಟ್ಟಿಗಳನ್ನು ಅಂಟಿಸಿ, ಮೇಲಿನಿಂದ ಎತ್ತಬಹುದಾದಂತೆ ಕೂರಿಸಿದೆ. ಬೆಕ್ಕನ್ನು ವೈದ್ಯರಲ್ಲಿಗೆ ಒಯ್ಯಬೇಕಾದಾಗ ಕಿಂಡಿಯೊಳಗೆ ಕೈ ಹಾಕಿ ಎಳೆದರೆ ಆ ಪೆಟ್ಟಿಗೆಯ ಮೇಲಿನ ನಂಬಿಕೆ ಅಂದಿಗೇ ಮುಗಿಯಿತು. ಮುಚ್ಚಳ ತೆರೆದು ಎರಡೂ ಕೈಗಳಿಂದ ನಿಧಾನವಾಗಿ ಎತ್ತಿಕೊಳ್ಳುವುದೇ ಮೇಲು. ಒಳಗೆ ಯಾವ ಬಣ್ಣವನ್ನೂ ಹಚ್ಚದೆ, ಹೊರಗೆ ಮಾತ್ರ ನೀರು ಆಧಾರಿತ ವಾರ್ನಿಷ್ ಕೊಟ್ಟು, ಅದರ ವಾಸನೆ ಪೂರ್ತಿ ಹೋಗುವವರೆಗೆ ಗಾಳಿಗೆ ಇಟ್ಟಿದ್ದೆ. ನಂತರ ಬೆಕ್ಕು ಮಲಗುತ್ತಿದ್ದ ಹಳೆಯ ಹೊದಿಕೆಯನ್ನು ಒಗೆಯದೆ ಒಳಗೆ ಹಾಸಿ, ಅದು ಈಗಾಗಲೇ ಮೆಚ್ಚಿದ್ದ ಮೂಲೆಯಲ್ಲಿ ಇರಿಸಿದೆ. ಒಳಗೆ ಹೋಗೆಂದು ಒತ್ತಾಯಿಸಲಿಲ್ಲ.

ಪರಚುಕಂಬದ ದುರಸ್ತಿ

ಮನೆಯಲ್ಲಿದ್ದ ಪರಚುಕಂಬ ನೋಡಲು ಹೀನಾಯವಾಗಿತ್ತು. ಮೇಲ್ಭಾಗದ ಹಗ್ಗ ಹಿಂಜಿ ಹತ್ತಿಯಂತಾಗಿತ್ತು, ಕೆಳಭಾಗದ ಸುತ್ತುಗಳು ಸಡಿಲವಾಗಿ ಜಾರಿದ್ದವು, ಅಡಿಯ ಹಲಗೆ ಅಲುಗಾಡುತ್ತಿತ್ತು. ಇಂಥದ್ದನ್ನು ಎಸೆದು ಹೊಸದನ್ನು ತರುವುದು ಸುಲಭ. ಆದರೆ ಹಿಂಜಿದ ಆ ಮೇಲ್ಭಾಗವೇ ಬೆಕ್ಕಿನ ಮಟ್ಟಿಗೆ ಅತ್ಯಂತ ಬೆಲೆಯುಳ್ಳದ್ದು. ಅದು ಹಿಂಗಾಲ ಮೇಲೆ ನಿಂತು, ಮೈಯನ್ನು ಪೂರ್ತಿ ಚಾಚಿ ಉಗುರು ಊರುವ ಜಾಗವದು. ಅಂಗಾಲಿನ ವಾಸನೆ ನಾರಿನೊಳಗೆ ಇಳಿದಿರುತ್ತದೆ. ಆದ್ದರಿಂದ ಮೇಲಿನ 40 ಸೆಂ.ಮೀ. ಮುಟ್ಟದೆ, ಕೆಳಗಿನ 30 ಸೆಂ.ಮೀ. ಮತ್ತು ಅಡಿಹಲಗೆಯನ್ನು ಮಾತ್ರ ಬದಲಿಸುವುದೆಂದು ತೀರ್ಮಾನಿಸಿದೆ.

ಹಗ್ಗದ ಲೆಕ್ಕ ಹೀಗೆ. ಕಂಬದ ವ್ಯಾಸ 10 ಸೆಂ.ಮೀ., ಕತ್ತಾಳೆ ನಾರಿನ ಹಗ್ಗದ ದಪ್ಪ 8 ಮಿ.ಮೀ. ಹಗ್ಗದ ನಡುಗೆರೆಯಲ್ಲಿ ಅಳೆದರೆ ಒಂದು ಸುತ್ತಿಗೆ ಸುಮಾರು 34 ಸೆಂ.ಮೀ. ಹಿಡಿಯುತ್ತದೆ. 30 ಸೆಂ.ಮೀ. ಎತ್ತರಕ್ಕೆ 37ರಿಂದ 38 ಸುತ್ತುಗಳು, ಅಂದರೆ 13 ಮೀಟರ್ ಹಗ್ಗ. ಪೂರ್ತಿ 70 ಸೆಂ.ಮೀ. ಸುತ್ತುವುದಾಗಿದ್ದರೆ 30 ಮೀಟರ್ ಬೇಕಾಗುತ್ತಿತ್ತು. ಹಗ್ಗದ ತುದಿಗಳನ್ನು ಪಿನ್ ಹೊಡೆದು ನಿಲ್ಲಿಸುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ, ಹಗ್ಗ ಸವೆದಾಗ ಪಿನ್ನಿನ ಮೊನೆ ಹೊರಗೆ ಬಂದು ಪಾದಕ್ಕೆ ಚುಚ್ಚುತ್ತದೆ. ಕಂಬಕ್ಕೆ ಓರೆಯಾಗಿ 9 ಮಿ.ಮೀ. ತೂತು ಕೊರೆದು, ಹಗ್ಗದ ತುದಿಯನ್ನು ಅದರೊಳಗೆ ತೂರಿಸಿ, ಅಂಟು ಹಚ್ಚಿದ ಮರದ ಬೆಣೆ ಬಡಿದೆ. ಹಳೆಯ ಹಗ್ಗವನ್ನು ಕತ್ತರಿಸಿದ ತುದಿಗೂ ಅದೇ ಉಪಾಯ. ಸುತ್ತುವಾಗ ನಾಲ್ಕೈದು ಸುತ್ತಿಗೊಮ್ಮೆ ಮರದ ತುಂಡು ಆನಿಸಿ ಸುತ್ತಿಗೆಯಿಂದ ತಟ್ಟುತ್ತ ಹೋದರೆ ಸುತ್ತುಗಳು ಒಂದಕ್ಕೊಂದು ಒತ್ತಿ ಕೂರುತ್ತವೆ. ಅಂಟು ತುದಿಗಳಿಗೆ ಮಾತ್ರ. ಉದ್ದಕ್ಕೂ ಹಚ್ಚಿದರೆ ಅದರ ವಾಸನೆಗೆ ಬೆಕ್ಕು ಕಂಬದ ಹತ್ತಿರವೇ ಸುಳಿಯದಿರಬಹುದು.

ಅಡಿಹಲಗೆಗೆ 18 ಮಿ.ಮೀ. ದಪ್ಪದ, 50×50 ಸೆಂ.ಮೀ.ಯ ತುಂಡು ಹಾಕಿದೆ. ಕಂಬದ ಬುಡದ ಹಳೆಯ ಸ್ಕ್ರೂ ತೂತು ಸಡಿಲವಾಗಿದ್ದರಿಂದ ಅದಕ್ಕೆ ಮರದ ಗೂಟ ತುಂಬಿಸಿ, ಅಂಟು ಒಣಗಿದ ಮೇಲೆ ಹೊಸದಾಗಿ ಕೊರೆದು, ಕೆಳಗಿನಿಂದ ವಾಷರ್ ಸಹಿತ ಉದ್ದದ ಸ್ಕ್ರೂ ಬಿಗಿಯಲಾಯಿತು. ಕಂಬವನ್ನು ಮೇಲ್ತುದಿಯಲ್ಲಿ ಹಿಡಿದು ಜಗ್ಗಿದಾಗ ಅಡಿ ಏಳಬಾರದು. ಒಮ್ಮೆ ಮೈಮೇಲೆ ವಾಲಿದ ಕಂಬವನ್ನು ಬೆಕ್ಕು ಮತ್ತೆ ಮುಟ್ಟುವುದು ಅನುಮಾನ, ಆಮೇಲೆ ಸೋಫಾದ ಗತಿ ಹೇಳಬೇಕಿಲ್ಲ.

ಬೆಕ್ಕನ್ನು ಒಯ್ಯುವ ಸಾಗಣೆಯ ಬುಟ್ಟಿಯಲ್ಲಿ ಹೆಚ್ಚಿನ ಕೆಲಸವಿರಲಿಲ್ಲ. ಬಾಗಿಲಿನ ಚಿಲಕದ ಸ್ಪ್ರಿಂಗ್ ಬದಲಿಸಿ, ಮೇಲು ಕೆಳಗಿನ ಭಾಗಗಳನ್ನು ಹಿಡಿದಿಡುವ ಕೊಂಡಿಗಳನ್ನು ಪರೀಕ್ಷಿಸಿ, ಬಾಗಿಲನ್ನು ತೆರೆದೇ ಇಟ್ಟು ಹಜಾರದ ಮೂಲೆಯಲ್ಲಿ ಒಂದು ಪೀಠೋಪಕರಣದಂತೆ ಬಿಟ್ಟೆವು. ದಿನದ ಒಂದು ಊಟವನ್ನು ಅದರೊಳಗೇ ಕೊಡುತ್ತ ಬಂದುದರಿಂದ, ಬುಟ್ಟಿ ಕಂಡರೆ ಮಂಚದಡಿ ಓಡುವ ಚಾಳಿ ಕ್ರಮೇಣ ತಪ್ಪಿತು.

ಹೊಸ ಮನೆಯಲ್ಲಿ, ಪ್ರಾಣಿಗಳು ಕಾಲಿಡುವ ಮೊದಲು

ಮೊದಲ ಕೆಲಸ ನೆಲಕ್ಕೆ ಮೊಣಕಾಲೂರಿ, ಟಾರ್ಚ್ ಹಿಡಿದು ಇಡೀ ಮನೆಯನ್ನು ಬೆಕ್ಕಿನ ಎತ್ತರದಿಂದ ನೋಡುವುದು. ಅಡುಗೆಮನೆಯ ಕಪಾಟುಗಳ ಅಡಿಯ ಸಂದು, ಸಿಂಕಿನ ಕೆಳಗೆ ಕೊಳವೆ ಗೋಡೆಯೊಳಗೆ ಹೋಗುವ ತೂತು, ಗೋಡೆಯೊಳಗಿನ ಕಪಾಟಿನ ಹಿಂದಿನ ಪೊಳ್ಳು, ಇವೇ ಹೆದರಿದ ಬೆಕ್ಕು ಮೊದಲು ಹುಡುಕುವ ಜಾಗಗಳು. ಬೆಕ್ಕಿನ ಹೆಗಲ ಬಳಿಯ ಕೊರಳೆಲುಬು ನಮ್ಮದರಂತೆ ಬೇರೆ ಎಲುಬಿಗೆ ಕೂಡಿಕೊಂಡಿಲ್ಲ. ಆದ್ದರಿಂದ ತಲೆ ತೂರುವ ಸಂದಿನಲ್ಲಿ ಸಾಮಾನ್ಯವಾಗಿ ಮೈಯೂ ತೂರುತ್ತದೆ. ಅಂಥ ಸಂದುಗಳಿಗೆಲ್ಲ ಪ್ಲೈವುಡ್ ಪಟ್ಟಿ ಬಡಿದು ಮುಚ್ಚಿದೆ. ಕಪಾಟುಗಳ ಹಿಂದೆ ಹಿಂದಿನವರು ಇಟ್ಟುಹೋದ ಇಲಿಪಾಷಾಣ ಇರಬಹುದೆಂಬುದನ್ನು ಮರೆಯಬಾರದು, ಇದು ಬೆಕ್ಕು ನಾಯಿ ಎರಡಕ್ಕೂ ಮಾರಕ. ಕುಂಡದ ಗಿಡಗಳಲ್ಲಿ ಲಿಲ್ಲಿ ಜಾತಿಯದ್ದಿದ್ದರೆ ಅದನ್ನು ಮನೆಯಿಂದಲೇ ತೆಗೆಯಬೇಕು. ಅದರ ಎಲೆ, ಹೂವು, ಕೊನೆಗೆ ತುಪ್ಪಳಕ್ಕೆ ಅಂಟಿದ ಪರಾಗವನ್ನು ನೆಕ್ಕಿದರೂ ಬೆಕ್ಕಿನ ಮೂತ್ರಪಿಂಡ ಕೆಡುತ್ತದೆ.

ನೆಲ ತೊಳೆಯುವ ದ್ರಾವಣಗಳ ವಿಷಯದಲ್ಲೂ ಎಚ್ಚರ ಬೇಕು. ಫಿನಾಲ್ ಇರುವ ದ್ರಾವಣವನ್ನು ಬೆಕ್ಕಿನ ಯಕೃತ್ತು ಸರಿಯಾಗಿ ವಿಸರ್ಜಿಸಲಾರದು. ಅಮೋನಿಯಾ ಬೆರೆತ ದ್ರಾವಣ ಮೂತ್ರದ ವಾಸನೆಯನ್ನೇ ಹೋಲುವುದರಿಂದ, ತೊಳೆದ ಜಾಗವೇ ಪ್ರಾಣಿಗೆ ಆಹ್ವಾನವಾಗುತ್ತದೆ. ಹಿಂದಿನ ಪ್ರಾಣಿಯ ಮೂತ್ರದ ಗುರುತುಗಳನ್ನು ಕತ್ತಲಲ್ಲಿ ನೇರಳಾತೀತ ಟಾರ್ಚ್ ಹಾಯಿಸಿ ಪತ್ತೆ ಮಾಡಿ, ಕಿಣ್ವವಿರುವ ದ್ರಾವಣದಿಂದ ತೊಳೆದೆವು.

ಕಿಟಕಿಗಳ ಜಾಲರಿಗೆ ಬಹಳ ಶ್ರಮ ಹಿಡಿಯಿತು, ಹಿಡಿಯಬೇಕಾದದ್ದೂ ಹೌದು. ಬೆಕ್ಕು ಎಷ್ಟು ಎತ್ತರದಿಂದ ಬಿದ್ದರೂ ಕಾಲೂರಿ ನಿಲ್ಲುತ್ತದೆಂಬ ನಂಬಿಕೆಯಿಂದ ಕಿಟಕಿ ತೆರೆದಿಡುವವರಿದ್ದಾರೆ. ಬಹುಮಹಡಿ ಕಟ್ಟಡಗಳಿಂದ ಬಿದ್ದು ಚಿಕಿತ್ಸೆಗೆ ಬಂದ 132 ಬೆಕ್ಕುಗಳ ವಿವರವನ್ನು ನ್ಯೂಯಾರ್ಕ್‌ನ ಪಶುವೈದ್ಯರು 1987ರಲ್ಲಿ ಪ್ರಕಟಿಸಿದ್ದರು. ಅವುಗಳಲ್ಲಿ ಬಹುಪಾಲು ಬದುಕಿದವು ನಿಜ, ಆದರೆ ಎದೆಯ ಗಾಯ, ಮುಖ ಮತ್ತು ಕಾಲಿನ ಮೂಳೆಮುರಿತಗಳೊಂದಿಗೆ. ಸೊಳ್ಳೆ ತಡೆಯುವ ತೆಳು ಬಲೆಯನ್ನು ಬೆಕ್ಕು ಉಗುರಿನಿಂದ ಹರಿಯಬಲ್ಲದು. 25 ಮಿ.ಮೀ. ಕಣ್ಣಿನ, ಬೆಸುಗೆ ಹಾಕಿದ ತುಕ್ಕುನಿರೋಧಕ ತಂತಿಯ ಜಾಲರಿಯನ್ನು ಚೌಕಟ್ಟಿಗಿಂತ ಎಲ್ಲ ಕಡೆ 2 ಸೆಂ.ಮೀ. ಹೆಚ್ಚಾಗಿ ಕತ್ತರಿಸಿ, ಅಂಚನ್ನು ಒಳಕ್ಕೆ ಮಡಿಸಿ, 40×20 ಮಿ.ಮೀ. ಮರದ ಪಟ್ಟಿ ಮತ್ತು ಬೀಡಿಂಗ್ (ಅಂಚಿಗೆ ಬಡಿಯುವ ತೆಳು ಪಟ್ಟಿ) ನಡುವೆ ಸಿಕ್ಕಿಸಿ, 15 ಸೆಂ.ಮೀ. ಅಂತರದಲ್ಲಿ ಸ್ಕ್ರೂ ಹಾಕಿದೆ. ಮಡಿಸದೆ ಬಿಟ್ಟ ಜಾಲರಿ ಒತ್ತಿದಾಗ ಬೀಡಿಂಗ್‌ನ ಅಡಿಯಿಂದ ಕಳಚಿಬರುತ್ತದೆ. ಬಿಗಿದ ಮೇಲೆ ಕೆಳಗಿನ ಮೂಲೆಗಳನ್ನು ಎರಡೂ ಅಂಗೈಗಳಿಂದ ಹೊರಕ್ಕೆ ನೂಕಿ ಪರೀಕ್ಷಿಸಿದೆ. ಬೆಂಕಿಯಂಥ ಆಪತ್ತಿನಲ್ಲಿ ಹೊರಹೋಗಲು ಬೇಕಾದ ಕಿಟಕಿಯ ಜಾಲರಿಯನ್ನು ಮಾತ್ರ ಖಾಯಂ ಬಿಗಿಯದೆ, ಕೀಲು ಮತ್ತು ಒಳಗಿನಿಂದ ತೆಗೆಯಬಹುದಾದ ಚಿಲಕ ಇಟ್ಟಿದ್ದೇನೆ.

ಜಾಲರಿ ಬಾಗಿಲು ಮತ್ತು ನಾಯಿಯ ದಾರಿ

ಬೆಕ್ಕಿಗೆ ಮೀಸಲಿಟ್ಟ ಕೋಣೆಗೆ ಎರಡನೆಯ ಬಾಗಿಲೊಂದು ಬೇಕಿತ್ತು. ಬೆಕ್ಕು ನಾಯಿ ಎರಡೂ ಹಳೆಯ ಪರಿಚಯದವೇ ಆದರೂ, ಪ್ರಯಾಣದಿಂದ ಬೆದರಿದ ಬೆಕ್ಕು ಎದುರಿಗೆ ಸಿಕ್ಕ ನಾಯಿಯ ಮೇಲೆ ಎರಗುವ ಸಂಭವವಿರುತ್ತದೆ. ಒಬ್ಬರನ್ನೊಬ್ಬರು ನೋಡಬಹುದು, ಮೂಸಬಹುದು, ಮುಟ್ಟಬಾರದು ಎಂಬ ಲೆಕ್ಕದಲ್ಲಿ ಪೂರ್ತಿ ಎತ್ತರದ ಜಾಲರಿ ಬಾಗಿಲು ಮಾಡಿದೆ. ಹೊಸ ಮನೆಯ ಬಾಗಿಲ ಚೌಕಟ್ಟಿನ ಒಂದು ಕಂಬ ಮೇಲಿನಿಂದ ಕೆಳಕ್ಕೆ ಬರುವಷ್ಟರಲ್ಲಿ ಸುಮಾರು 1 ಸೆಂ.ಮೀ. ವಾಲಿತ್ತು. ಅದಕ್ಕೆ ತಕ್ಕಂತೆ ಬಾಗಿಲನ್ನೇ ಓರೆ ಮಾಡುವ ಬದಲು, ಒಂದು ತುದಿ ದಪ್ಪ, ಇನ್ನೊಂದು ತುದಿ ತೆಳುವಾಗಿರುವಂತೆ ಸೀಳಿದ ಮರದ ಪಟ್ಟಿಯನ್ನು ಕಂಬಕ್ಕೆ ಜೋಡಿಸಿ, ತೂಗುಗುಂಡಿನಿಂದ ನೇರ ನೋಡಿ, ಅದರ ಮೇಲೆ ಕೀಲುಗಳನ್ನು ಕೂರಿಸಿದೆ. ಹೀಗೆ ಮಾಡಿದ್ದರಿಂದ ಬಾಗಿಲು ತಾನಾಗಿ ತೆರೆದುಕೊಳ್ಳುವುದಿಲ್ಲ. ಕೆಲಸ ಮುಗಿದ ಮೇಲೆ ಪಟ್ಟಿ ಸಮೇತ ಬಿಚ್ಚಿ ತೆಗೆಯಬಹುದು.

ನಮ್ಮ ನಾಯಿಯ ಹಿಂಗಾಲುಗಳಲ್ಲಿ ವಯಸ್ಸಿನ ಬಿಗಿತವಿದೆ, ಹೊಸ ಮನೆಯ ನೆಲವೋ ನುಣುಪಾದ ಟೈಲ್ಸ್. ಒಮ್ಮೆ ಜಾರಿಬಿದ್ದ ಮುದಿನಾಯಿ ಆ ಕೋಣೆಗೆ ಕಾಲಿಡಲೇ ಒಪ್ಪದಿರಬಹುದು. ಅದು ಮಲಗುವ ಜಾಗದಿಂದ ನೀರಿನ ಬಟ್ಟಲಿಗೂ ಅಲ್ಲಿಂದ ಮುಂಬಾಗಿಲಿಗೂ ರಬ್ಬರ್ ತಳದ ಕಿರಿದಾದ ಚಾಪೆಗಳನ್ನು ನಡುವೆ ಅಂತರ ಬಿಡದೆ ಹಾಸಿ, ಅಂಚುಗಳನ್ನು ಎರಡೂ ಬದಿ ಅಂಟುವ ಪಟ್ಟಿಯಿಂದ ನಿಲ್ಲಿಸಿದೆ. ಪಾದದ ನಡುವೆ ಬೆಳೆದ ಕೂದಲನ್ನು ಕತ್ತರಿಸಿ ಉಗುರು ಸಮ ಮಾಡಿದ್ದು ಚಾಪೆಗಳಷ್ಟೇ ಉಪಕಾರವಾಯಿತು. ಹಾಸಿಗೆ ಹಳೆಯದೇ. ನಾಯಿಗೆ ಒಂಟಿಯಾಗಿರುವುದನ್ನು ಮಾತ್ರ ಮೊದಲಿನಿಂದ ಕಲಿಸಬೇಕಾಗುತ್ತದೆ: ಬಾಗಿಲಾಚೆ ಹೋಗಿ ತಕ್ಷಣ ಬರುವುದರಿಂದ ಆರಂಭಿಸಿ, ಅದು ಊಳಿಡದೆ ಇರುವಷ್ಟೇ ಹೊತ್ತು, ಹಂತಹಂತವಾಗಿ ಹೆಚ್ಚಿಸುತ್ತ ಹೋಗಬೇಕು.

ಜೋಡಣೆ ಮತ್ತು ನಂತರದ ನಿಗಾ

ಸಾಗಣೆಯ ದಿನ ಎಲ್ಲರಿಗಿಂತ ಮೊದಲು ಬೆಕ್ಕಿನ ಕೋಣೆ ಸಿದ್ಧವಾಯಿತು, ಬೆಕ್ಕು ಎಲ್ಲರಿಗಿಂತ ಕೊನೆಗೆ ಬಂತು. ಅಡಗುಪೆಟ್ಟಿಗೆ ಬಾಗಿಲಿನಿಂದ ದೂರದ ಮೂಲೆಯಲ್ಲಿ, ಪರಚುಕಂಬ ಅದರ ಪಕ್ಕದಲ್ಲಿ, ಊಟ ನೀರು ಒಂದು ಕಡೆ, ಮಲಮೂತ್ರಕ್ಕೆ ಇಡುವ ಮರಳು ತಟ್ಟೆ ಅದಕ್ಕೆ ಎದುರು ಕಡೆ. ತಟ್ಟೆ ಬೆಕ್ಕಿನ ಮೈಯುದ್ದದ ಒಂದೂವರೆ ಪಟ್ಟು ಉದ್ದವಿರಬೇಕು. ಅದನ್ನು ತೊಳೆಯದೆ ತಂದು, ಹೊಸ ಮರಳಿನ ಮೇಲೆ ಬಳಸಿದ ಹಳೆಯ ಮರಳನ್ನು ಒಂದು ಹಿಡಿ ಉದುರಿಸಿದೆವು. ಬುಟ್ಟಿಯನ್ನು ಅಡಗುಪೆಟ್ಟಿಗೆಯ ಕಿಂಡಿಗೆ ಎದುರಾಗಿಟ್ಟು, ಬಾಗಿಲು ತೆರೆದು, ನಾವು ಹೊರಗೆ ಬಂದೆವು.

ಈ ಹಂತದಲ್ಲಿ ಗಮನಿಸಬೇಕಾದದ್ದು ಊಟ ಮತ್ತು ಮೂತ್ರ. ಮೊದಲ ರಾತ್ರಿ ಸರಿಯಾಗಿ ತಿನ್ನದಿರುವುದು ಸಹಜ. ಆದರೆ ಒಂದು ಇಡೀ ದಿನ ಏನನ್ನೂ ಮುಟ್ಟದಿದ್ದರೆ ವೈದ್ಯರನ್ನು ಕೇಳಬೇಕು. ಕೆಲವೇ ದಿನಗಳ ಉಪವಾಸದಿಂದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಾಪಾಯವಾಗುತ್ತದೆ, ದಪ್ಪ ಬೆಕ್ಕುಗಳಲ್ಲಿ ಈ ಅಪಾಯ ಹೆಚ್ಚು. ಗಂಡುಬೆಕ್ಕು ತಟ್ಟೆಯಲ್ಲಿ ಮತ್ತೆ ಮತ್ತೆ ಕುಳಿತು ತಿಣುಕಿದರೂ ಮೂತ್ರ ಬಾರದಿದ್ದರೆ ಬೆಳಗಾಗಲೆಂದು ಕಾಯುವಂತಿಲ್ಲ, ಆ ಕ್ಷಣವೇ ಚಿಕಿತ್ಸೆ ಬೇಕು.

ಬೆಕ್ಕು ತಿಂದು, ತಟ್ಟೆ ಬಳಸಿ, ಬಾಲವೆತ್ತಿ ಓಡಾಡತೊಡಗಿದ ಮೇಲೆ ಉಳಿದ ಮನೆಯನ್ನು ಅದಕ್ಕೆ ಒಂದೊಂದೇ ಕೋಣೆಯಾಗಿ ತೆರೆದೆವು. ಅದಕ್ಕೆ ಮುನ್ನ ಒಣ ಹತ್ತಿ ಬಟ್ಟೆಯಿಂದ ಅದರ ಕೆನ್ನೆಗಳನ್ನು ನೇವರಿಸಿ, ಆ ಬಟ್ಟೆಯನ್ನು ಮುಂದಿನ ಕೋಣೆಯ ಬಾಗಿಲ ಕಂಬಗಳಿಗೂ ಸೋಫಾದ ಮೂಲೆಗಳಿಗೂ ನೆಲದಿಂದ 20-25 ಸೆಂ.ಮೀ. ಎತ್ತರದಲ್ಲಿ ಉಜ್ಜಿದೆವು. ಫೆಲಿವೇಯಂಥ ಕೃತಕ ಫೆರೊಮೋನ್ (ಪ್ರಾಣಿಗಳು ಪರಸ್ಪರ ಸಂಕೇತಕ್ಕೆ ಸ್ರವಿಸುವ ರಾಸಾಯನಿಕ) ಹರಡುವ ಸಾಧನಗಳೂ ಸಿಗುತ್ತವೆ. ಅವುಗಳ ಪರೀಕ್ಷೆಗಳ ಫಲಿತಾಂಶ ಒಂದೇ ತೆರನಾಗಿಲ್ಲ. ಬಳಸಿದರೆ ಹಾನಿಯಿಲ್ಲ, ಆದರೆ ಸ್ವಂತ ವಾಸನೆಯ ಬಟ್ಟೆಗೆ ಅದು ಬದಲಿಯಲ್ಲವೆಂಬುದು ನನ್ನ ಅಭಿಪ್ರಾಯ. ಹೊರಗೆ ತಿರುಗುವ ಅಭ್ಯಾಸದ ಬೆಕ್ಕಾದರೆ ಕನಿಷ್ಠ ಎರಡು ಮೂರು ವಾರ ಒಳಗೇ ಇರಿಸಬೇಕು. ಬೇಗ ಬಿಟ್ಟರೆ ಅದು ಹಳೆಯ ಮನೆಯನ್ನು ಹುಡುಕಿಕೊಂಡು ಹೊರಡಬಹುದು. ಮೈಕ್ರೋಚಿಪ್ ಹಾಕಿಸಿದ್ದರೂ ಅದರೊಳಗಿರುವುದು 15 ಅಂಕಿಗಳ ಸಂಖ್ಯೆ ಮಾತ್ರ, ವಿಳಾಸವಲ್ಲ. ನೋಂದಣಿ ಕಡತದಲ್ಲಿ ವಿಳಾಸ ಮತ್ತು ದೂರವಾಣಿ ಸಂಖ್ಯೆಯನ್ನು ಮನೆ ಬದಲಿಸುವ ಮೊದಲೇ ತಿದ್ದಿಸಿಟ್ಟಿರಬೇಕು.

ಸದ್ಯ ಉಳಿದಿರುವ ಕೆಲಸಗಳು ಎರಡು. ಮರದ ಪಟ್ಟಿಗಳು ಒಣಗಿ ಕುಗ್ಗುವುದರಿಂದ ಕಿಟಕಿ ಜಾಲರಿಗಳ ಸ್ಕ್ರೂಗಳನ್ನು ಮತ್ತೊಮ್ಮೆ ಬಿಗಿಯಬೇಕು. ಮರಳು ತಟ್ಟೆಯನ್ನು ಕೋಣೆಯಿಂದ ಸ್ನಾನದ ಮನೆಯ ಪಕ್ಕದ ಖಾಯಂ ಜಾಗಕ್ಕೆ ದಿನಕ್ಕೊಂದು ಗೇಣಿನಂತೆ ಸರಿಸುತ್ತಿದ್ದೇವೆ. ಅದು ಜಾಲರಿ ಬಾಗಿಲನ್ನು ದಾಟಿದ ಮೇಲೆ ಆ ಬಾಗಿಲನ್ನು ಬಿಚ್ಚುತ್ತೇನೆ.